ವಿಳಾಸ ಕೇಳುವ ಫಾರ್ಮ್ ಹೇಗಿರಬೇಕು?

ಹಾಜರಾತಿ ಕಡಿಮೆ ಇರುವ ವಿದ್ಯಾರ್ಥಿಗಳ ಮನೆಗೆ ನಮ್ಮ ಕಾಲೇಜಿನ ಕಚೇರಿಯಿಂದ ಪತ್ರ ಹೋಗುತ್ತದೆ. ಇದು ನಮಗೆಲ್ಲ ಗೊತ್ತು, ಕೆಲವರಿಗೆ ಸ್ವಲ್ಪ ಜಾಸ್ತಿಯೇ ಗೊತ್ತು. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಹಾಗಾಗಿ ಆ ಪತ್ರ ಸಮಯಕ್ಕೆ ಮನೆಗೆ ತಲುಪಬೇಕು. ಆದರೆ ಕಳುಹಿಸಿದ ಪತ್ರಗಳಲ್ಲಿ ಕೆಲವು ‘ವಿಳಾಸದಾರರು ಪತ್ತೆಯಿಲ್ಲ’ ಎಂಬ ಷರಾ ಹೊತ್ತು ವಾಪಸ್ ಬರುತ್ತವೆ. ಪ್ರವೇಶದ ಅರ್ಜಿಯಲ್ಲಿ ಅವಸರದಿಂದ ಬರೆದ ವಿಳಾಸ, ಅದನ್ನು ನೋಡಿ ಇನ್ನೊಬ್ಬರು ಕಂಪ್ಯೂಟರಿಗೆ ಹಾಕಿದ ವಿಳಾಸ, ಕೊನೆಗೆ ಲಕೋಟೆಯ ಮೇಲೆ ಅಚ್ಚಾದ ವಿಳಾಸ, ಈ ಮೂರೂ ಬೇರೆ ಬೇರೆ ಆಗಿರುವುದುಂಟು. ಅದಕ್ಕೆ ಈ ಸಲ ವಿದ್ಯಾರ್ಥಿಗಳೇ ತಮ್ಮ ವಿಳಾಸವನ್ನು ಆನ್‌ಲೈನ್ ಫಾರ್ಮ್‌ನಲ್ಲಿ ತುಂಬಲಿ ಎಂದು ತೀರ್ಮಾನವಾಯಿತು. ಫಾರ್ಮ್ ಮಾಡುವ ಕೆಲಸ ವಾಣಿಜ್ಯ ವಿಭಾಗದ ನಾಲ್ವರಿಗೆ ಬಂತು. ಅವರಲ್ಲಿ ನಾನೂ ಒಬ್ಬರು.

ಕೇಳಿದವರೆಲ್ಲ ‘ಅರ್ಧ ಗಂಟೆ ಕೆಲಸ’ ಎಂದರು. ಮೂರು ವಾರ ಹಿಡಿಯಿತು. ಯಾಕೆ ಅಷ್ಟು ದಿನ ಬೇಕಾಯಿತು ಎಂದು ಹೇಳಲು ಈ ಲೇಖನ.

ಇಂಟರ್‌ನೆಟ್ಟಿನಲ್ಲಿ ಸಿದ್ಧ ಫಾರ್ಮ್‌ಗಳು ಬೇಕಾದಷ್ಟು ಸಿಗುತ್ತವೆ. ಎಲ್ಲದರಲ್ಲೂ ಅದೇ ಪೆಟ್ಟಿಗೆಗಳು: ಅಡ್ರೆಸ್ ಲೈನ್ ಒಂದು, ಅಡ್ರೆಸ್ ಲೈನ್ ಎರಡು, ಸಿಟಿ, ಸ್ಟೇಟ್ ಅಥವಾ ಪ್ರಾವಿನ್ಸ್, ಜಿಪ್ ಕೋಡ್. ಇದು ಅಮೆರಿಕದ ಮನೆಯ ಅಳತೆಗೆ ಹೊಲಿದ ಅಂಗಿ. ಅಲ್ಲಿ ಮನೆಗೆ ನಂಬರು, ಬೀದಿಗೆ ಹೆಸರು, ಆಮೇಲೆ ಊರು, ರಾಜ್ಯ, 1963ರಲ್ಲಿ ಶುರುವಾದ 5 ಅಂಕಿಯ ಜಿಪ್. ಎರಡನೆಯ ಸಾಲು ಸಾಮಾನ್ಯವಾಗಿ ಅಪಾರ್ಟ್‌ಮೆಂಟಿನ ನಂಬರಿಗೆ. ಕುರುಗೋಡಿನ ಹತ್ತಿರದ ಹಳ್ಳಿಯವರು ಆ ಎರಡನೆಯ ಸಾಲಿನಲ್ಲಿ ಏನು ಬರೆಯಬೇಕು? ‘ಸಿಟಿ’ ಎಂದು ಕೇಳಿದರೆ ಹಳ್ಳಿಯ ಹೆಸರು ಹೇಳಬೇಕೋ, ಕುರುಗೋಡು ಎನ್ನಬೇಕೋ, ಬಳ್ಳಾರಿ ಎನ್ನಬೇಕೋ? ಮೂರೂ ಒಂದು ರೀತಿಯಲ್ಲಿ ಸರಿ. ಮೂವರು ಮೂರು ಥರ ಬರೆದರೆ ಕಚೇರಿಯವರು ಪಟ್ಟಿಯನ್ನು ಊರುವಾರು ಜೋಡಿಸಲು ಹೋದಾಗ ಒಂದೇ ಹಳ್ಳಿ ಮೂರು ಕಡೆ ಚದುರಿ ಹೋಗಿರುತ್ತದೆ.

ಆದ್ದರಿಂದ ಮೊದಲು ಫಾರ್ಮ್ ಬಿಟ್ಟು ಖಾಲಿ ಹಾಳೆ ಹಿಡಿದೆವು. ನಮ್ಮ ತರಗತಿಯಲ್ಲಿ ಎಲ್ಲರಿಗೂ ಅರ್ಧ ಹಾಳೆ ಕೊಟ್ಟು, ‘ನಿಮ್ಮ ಮನೆಗೆ ಒಂದು ಪತ್ರ ಬರಬೇಕು, ಲಕೋಟೆಯ ಮೇಲೆ ಏನು ಬರೆಯಬೇಕೋ ಬರೆಯಿರಿ’ ಎಂದೆವು. ಬೇರೆ ಯಾವ ಸೂಚನೆಯೂ ಇಲ್ಲ. ಬಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ಯಾವ ಸಿದ್ಧ ಫಾರ್ಮೂ ನಮಗೆ ಸಾಲದು ಎಂದು ಗೊತ್ತಾಯಿತು. ಕೌಲ್ ಬಜಾರಿನವರು ಮನೆ ನಂಬರಿಗಿಂತ ಮೊದಲು ಮಸೀದಿಯ ಹೆಸರು ಬರೆದಿದ್ದರು. ಸಿರುಗುಪ್ಪ ಕಡೆಯವರು ತಂದೆಯ ಹೆಸರಿಲ್ಲದೆ ವಿಳಾಸ ಶುರುವೇ ಮಾಡಿರಲಿಲ್ಲ. ಬಾಡಿಗೆ ಮನೆಯವರಲ್ಲಿ ಅನೇಕರು ಮನೆ ಮಾಲೀಕರ ಹೆಸರು ಹಾಕಿದ್ದರು. ಒಬ್ಬರಂತೂ ಇಡೀ ದಾರಿಯನ್ನೇ ಬರೆದಿದ್ದರು: ಬಸ್ ಇಳಿದು ಎಡಕ್ಕೆ ತಿರುಗಿ, ಹಿಟ್ಟಿನ ಗಿರಣಿ ದಾಟಿ, ಎರಡನೆಯ ಓಣಿ. ನಕ್ಕೆವು. ಆದರೆ ಆ ಹಾಳೆ ಹಿಡಿದು ಯಾರು ಬೇಕಾದರೂ ಆ ಮನೆಗೆ ಹೋಗಬಹುದಿತ್ತು. ಅಚ್ಚುಕಟ್ಟಾಗಿ ಬರೆದ ಕೆಲವು ವಿಳಾಸಗಳಿಗೆ ಆ ಗುಣ ಇರಲಿಲ್ಲ.

ಹಳ್ಳಿಯ ಕಡೆಯ ಹಾಳೆಗಳಲ್ಲಿ ಒಂದು ಹಳೆಯ ಪದ್ಧತಿ ಇನ್ನೂ ಉಳಿದಿದೆ: ಮು. ಪೋ. ಇಂಥದ್ದು, ತಾ. ಇಂಥದ್ದು, ಜಿ. ಇಂಥದ್ದು. ಮುಕ್ಕಾಂ, ಪೋಸ್ಟ್, ತಾಲ್ಲೂಕು, ಜಿಲ್ಲೆ. ನಮ್ಮ ಮನೆಯ ಭಾಷೆ ಉರ್ದು, ಹಾಗಾಗಿ ಈ ಮಾತುಗಳು ನನಗೆ ಎರಡು ಸಲ ಕೇಳಿಸುತ್ತವೆ. ಮುಕಾಮ್ ಎಂದರೆ ಇರುವ ಜಾಗ. ತಅಲ್ಲುಕ್ ಎಂದರೆ ಸಂಬಂಧ, ಅಂದರೆ ಈ ಊರು ಯಾವುದಕ್ಕೆ ಸೇರಿದ್ದು ಎಂಬುದು. ಜಿಲಾ ಎಂಬುದರ ಮೂಲ ಅರ್ಥ ಪಕ್ಕೆ, ಬದಿ. ಪೋಸ್ಟ್ ಮಾತ್ರ ಇಂಗ್ಲಿಷರದು. ನಾಲ್ಕೇ ಮಾತಿನಲ್ಲಿ ಜಾಗ ಯಾವುದು, ಪತ್ರ ಹಂಚುವವರು ಯಾರು, ಸರ್ಕಾರಿ ಕಾಗದ ಎಲ್ಲಿ ಇದೆ ಎಂಬ ಮೂರು ಪ್ರಶ್ನೆಗೂ ಉತ್ತರ ಸಿಗುತ್ತದೆ. ಫಾರ್ಮ್ ಮಾಡುವವರು ಇದನ್ನು ಹಳೆಯದು ಎಂದು ಬದಿಗೆ ತಳ್ಳಬಾರದು ಎಂದು ನನ್ನ ಅಭಿಪ್ರಾಯ. ಊರು ಮತ್ತು ಅಂಚೆ ಕಚೇರಿ ಬೇರೆ ಬೇರೆ ಇರಬಹುದು ಎಂಬ ಸಂಗತಿ ‘ಸಿಟಿ’ ಎಂಬ ಒಂದೇ ಪೆಟ್ಟಿಗೆಯಲ್ಲಿ ಕಳೆದುಹೋಗುತ್ತದೆ. ಮು. ಪೋ. ಬರೆಯುವವರು ಅದನ್ನು ಮರೆಯುವುದಿಲ್ಲ.

ಮುಂದಿನ ಹೆಜ್ಜೆ, ಪ್ರತಿ ಪೆಟ್ಟಿಗೆಯ ಮುಂದೆ ‘ಇದನ್ನು ಯಾರು ಓದುತ್ತಾರೆ, ಏನು ಮಾಡುತ್ತಾರೆ’ ಎಂದು ಬರೆಯುವುದು. ನಮ್ಮ ಉಪನ್ಯಾಸಕರು ಕೊಟ್ಟ ಸಲಹೆ ಇದು. ಮನೆಯ ಗುರುತು ಓದುವವರು ಅಂಚೆಯವರು, ಅವರು ಮನುಷ್ಯರು. ಅವರಿಗೆ ‘ದರ್ಗಾ ಹಿಂದೆ’ ಎಂದರೆ ಅರ್ಥವಾಗುತ್ತದೆ. ಪಿನ್ ಕೋಡ್ ಓದುವುದು ಪತ್ರಗಳನ್ನು ವಿಂಗಡಿಸುವ ಕಡೆ, ಅಲ್ಲಿ ಒಂದು ಅಂಕಿ ತಪ್ಪಿದರೂ ಪತ್ರ ಬೇರೆ ದಾರಿ ಹಿಡಿಯುತ್ತದೆ. ತಾಲ್ಲೂಕು, ಹೋಬಳಿ ಬೇಕಾಗುವುದು ಜಾತಿ, ಆದಾಯ ಪ್ರಮಾಣಪತ್ರಗಳನ್ನು ತಾಳೆ ನೋಡುವವರಿಗೆ. ಅಂಚೆಯವರಿಗೆ ಹೋಬಳಿ ಬೇಕಿಲ್ಲ. ಹೀಗೆ ಬರೆಯುತ್ತಾ ಹೋದಾಗ ಕೆಲವು ಪೆಟ್ಟಿಗೆಗಳ ಮುಂದೆ ಬರೆಯಲು ಏನೂ ಇರಲಿಲ್ಲ. ವಾರ್ಡ್ ಸಂಖ್ಯೆ ಅಂಥದ್ದೊಂದು. ಬಳ್ಳಾರಿ ಪಾಲಿಕೆಯಲ್ಲಿ ಹಿಂದೆ 35 ವಾರ್ಡ್‌ಗಳಿದ್ದವು, 2021ರ ಚುನಾವಣೆ ನಡೆದದ್ದು 39 ವಾರ್ಡ್‌ಗಳಿಗೆ. ಮನೆ ಕದಲದೆ ವಾರ್ಡ್ ಕದಲಿದರೆ ಅದು ವಿಳಾಸಕ್ಕೆ ಆಗಿಬರುವುದಿಲ್ಲ. ಆ ಪೆಟ್ಟಿಗೆ ತೆಗೆದುಹಾಕಿದೆವು.

ಈಗ ಪಿನ್ ಕೋಡ್ ವಿಷಯಕ್ಕೆ ಬರುತ್ತೇನೆ. ನನಗೆ ಬಹಳ ಇಷ್ಟವಾದ ಭಾಗ ಇದು. ಭಾರತದಲ್ಲಿ ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ. ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಭಾಷೆ ಮತ್ತು ಲಿಪಿ, ಅರ್ಥವಾಗದ ಕೈಬರಹ, ಇವುಗಳ ನಡುವೆ ಪತ್ರ ತಪ್ಪಬಾರದು ಎಂಬುದು ಉದ್ದೇಶ. ನಮ್ಮ ಕಡೆಯದೇ ಉದಾಹರಣೆ ಬೇಕೆಂದರೆ, ಕುರುಗೋಡಿನ ಆಚೆ ಒಂದು ಎಮ್ಮಿಗನೂರು ಇದೆ, ಆಂಧ್ರದ ಕರ್ನೂಲು ಜಿಲ್ಲೆಯಲ್ಲೂ ಎಮ್ಮಿಗನೂರು ಎಂಬ ಪಟ್ಟಣ ಇದೆ. ಎರಡೂ ನಮ್ಮಿಂದ ದೂರವಲ್ಲ. ಬರೀ ಹೆಸರು ನೋಡಿದರೆ ಯಾವುದೆಂದು ಹೇಳಲಾಗದು.

ಪಿನ್‌ನ 6 ಅಂಕಿಗಳನ್ನು ಎಡದಿಂದ ಓದಬೇಕು. ಮೊದಲ ಅಂಕಿ ದೇಶದ ದೊಡ್ಡ ವಲಯ. 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಎರಡು ಅಂಕಿ ಅದರೊಳಗಿನ ಉಪವಲಯ, ಕರ್ನಾಟಕಕ್ಕೆ 56ರಿಂದ 59. ಮೂರನೆಯದು ಸೇರಿದರೆ ವಿಂಗಡಣೆಯ ಜಿಲ್ಲೆ, ನಮ್ಮದು 583. ಕೊನೆಯ ಮೂರು ಅಂಕಿ ಪತ್ರ ಹಂಚುವ ಅಂಚೆ ಕಚೇರಿಯದು. ಬಳ್ಳಾರಿ ಪ್ರಧಾನ ಅಂಚೆ ಕಚೇರಿ 583101, ಕೌಲ್ ಬಜಾರ್ 583102, ಕುರುಗೋಡು 583116, ಸಿರುಗುಪ್ಪ 583121. ದೇಶದಲ್ಲಿ ಅಂಚೆ ಕಚೇರಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು, ಪಿನ್‌ಗಳು ಸುಮಾರು 19 ಸಾವಿರ. ಅಂದರೆ ಒಂದು ಪಿನ್ ಕೆಳಗೆ ಹಲವು ಹಳ್ಳಿಯ ಅಂಚೆ ಕಚೇರಿಗಳು ಬರುತ್ತವೆ. ಪಿನ್ ಬರೆದ ಮೇಲೂ ಅಂಚೆ ಕಚೇರಿಯ ಹೆಸರು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

‘ವಿಂಗಡಣೆಯ ಜಿಲ್ಲೆ’ ಎಂದೆನಲ್ಲ, ಅದನ್ನು ನಮ್ಮ ಆಡಳಿತದ ಜಿಲ್ಲೆ ಎಂದು ತಿಳಿಯಬಾರದು. ಕೊಪ್ಪಳ 583231, ಗಂಗಾವತಿ 583227. ಅವು ಬಳ್ಳಾರಿ ಜಿಲ್ಲೆಯಲ್ಲಿಲ್ಲ, ಆದರೂ 583. ಹೊಸಪೇಟೆ 583201. ಅದು 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ, ಪಿನ್ ಮಾತ್ರ ಹಾಗೆಯೇ ಇದೆ. ಹರಪನಹಳ್ಳಿಯದು ಇನ್ನೂ ಸ್ವಾರಸ್ಯ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು, ಆಮೇಲೆ ಮರಳಿ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಪಿನ್ 583131. ಕೆಲವು ಫಾರ್ಮ್‌ಗಳು ಪಿನ್ ಹಾಕಿದ ಕೂಡಲೇ ಜಿಲ್ಲೆಯನ್ನು ತಾವೇ ತುಂಬಿ, ಬದಲಿಸಲು ಬಿಡದಂತೆ ಬೀಗ ಹಾಕುತ್ತವೆ. ಹಳೆಯ ಪಟ್ಟಿ ಇಟ್ಟುಕೊಂಡ ಫಾರ್ಮ್ ಹೊಸಪೇಟೆಯವರನ್ನು ಇವತ್ತಿಗೂ ಬಳ್ಳಾರಿ ಜಿಲ್ಲೆಯವರು ಎನ್ನುತ್ತದೆ. ಪಿನ್ ನೋಡಿ ಜಿಲ್ಲೆಯನ್ನು ಸೂಚಿಸಬಹುದು, ಆದರೆ ತಿದ್ದಲು ಬಿಡಬೇಕು. ಮನೆ ಎಲ್ಲಿದೆ ಎಂದು ಫಾರ್ಮ್‌ಗಿಂತ ಮನೆಯವರಿಗೆ ಚೆನ್ನಾಗಿ ಗೊತ್ತು.

ಹೆಸರುಗಳ ಕಥೆಯೂ ಇದರ ಜೊತೆಗೇ ಬರುತ್ತದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ಅಂದು ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯಿತು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಳ್ಳಾರಿ ಎಂಬ ಹಳೆಯ ಸ್ಪೆಲಿಂಗ್ ಬಿಟ್ಟು ಬಳ್ಳಾರಿ ಎಂದು ಬರೆಯಬೇಕಾಯಿತು. ಕುರುಗೋಡು ಕೆಲವು ವರ್ಷಗಳ ಹಿಂದೆ ಬಳ್ಳಾರಿ ತಾಲ್ಲೂಕಿನ ಹೋಬಳಿ, ಈಗ ಅದೇ ತಾಲ್ಲೂಕು. ಕುರುಗೋಡಿನ ಒಬ್ಬ ವಿದ್ಯಾರ್ಥಿಯ ಆಧಾರ್‌ನಲ್ಲಿ ಬಳ್ಳಾರಿ ತಾಲ್ಲೂಕು ಎಂದಿರಬಹುದು, ಹೊಸ ಆದಾಯ ಪ್ರಮಾಣಪತ್ರದಲ್ಲಿ ಕುರುಗೋಡು ತಾಲ್ಲೂಕು ಎಂದಿರಬಹುದು. ಎರಡೂ ಸರ್ಕಾರದ್ದೇ ಕಾಗದ. ಮನುಷ್ಯರಿಗೆ ಇದು ಗೊಂದಲವೇ ಅಲ್ಲ, ಕಂಪ್ಯೂಟರಿಗೆ ಇವು ಎರಡು ಬೇರೆ ಊರು. ಹಾಗಾಗಿ ತಾಲ್ಲೂಕನ್ನು ಹೋಲಿಸಿ ನೋಡಿ ‘ತಾಳೆಯಾಗುತ್ತಿಲ್ಲ’ ಎಂದು ಅರ್ಜಿ ತಿರಸ್ಕರಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಾರದು.

ಬಳ್ಳಾರಿಯ ಒಳಗೂ ಹೀಗೆಯೇ. ರಾಯಲ್ ಸರ್ಕಲ್ಲಿಗೆ ಗಡಗಿ ಚನ್ನಪ್ಪ ವೃತ್ತ ಎಂಬ ಹೆಸರಿದೆ. ಆಟೋದವರಿಗೆ ಹೇಳುವುದು ಒಂದು, ಫಲಕದಲ್ಲಿರುವುದು ಇನ್ನೊಂದು. ಕೌಲ್ ಬಜಾರಿನ ‘ಕೌಲ್’ ಉರ್ದುವಿನಲ್ಲಿ ಕೊಟ್ಟ ಮಾತು, ಕರಾರು. ಇಂಗ್ಲಿಷಿನಲ್ಲಿ ಬರೆಯುವಾಗ ಅದಕ್ಕೆ ಕನಿಷ್ಠ ಮೂರು ಸ್ಪೆಲಿಂಗ್ ನಮ್ಮ ಹಾಳೆಗಳಲ್ಲೇ ಸಿಕ್ಕವು. ಒಬ್ಬರದಂತೂ ‘ಕೋಲ್’ ಎಂದಾಗಿ ಕಲ್ಲಿದ್ದಲ ಬಜಾರ್ ಆಗಿತ್ತು.

ಇನ್ನು ಕ್ಯಾಂಪಿನ ಮಾತು. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಗೆ 1953ರಿಂದ ನೀರು ಬಂದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ರೈತರು ಬಂದು ಜಮೀನು ಕೊಂಡು ನೆಲೆ ನಿಂತರು. ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆ ಗದ್ದೆಗಳ ನಡುವೆ ಎದ್ದ ಆ ಹೊಸ ಊರುಗಳಿಗೆ ಕ್ಯಾಂಪ್ ಎಂದೇ ಹೆಸರು. ಈಗ ಅಲ್ಲಿ ಎಲ್ಲ ಭಾಷೆಯವರೂ ಇದ್ದಾರೆ. ಜನರಿಗೆ ಅದು ಊರು. ಆದರೆ ಅನೇಕ ಕ್ಯಾಂಪ್‌ಗಳು ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇರುವುದಿಲ್ಲ, ಪಕ್ಕದ ಮೂಲ ಗ್ರಾಮದ ಲೆಕ್ಕಕ್ಕೆ ಸೇರಿರುತ್ತವೆ.

ನಮ್ಮ ಜೊತೆ ಓದುವ ಒಬ್ಬಳ ಮನೆ ಅಂಥ ಒಂದು ಕ್ಯಾಂಪಿನಲ್ಲಿದೆ. ಹೋದ ವರ್ಷ ಅವಳು ಒಂದು ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ಹಾಕಿದಳು. ಗ್ರಾಮದ ಪೆಟ್ಟಿಗೆ ಒತ್ತಿದರೆ ಪಟ್ಟಿ ಇಳಿಯುತ್ತದೆ, ಅದರಲ್ಲಿ ಆರಿಸಬೇಕು, ಬರೆಯಲು ಬಿಡುವುದಿಲ್ಲ. ಪಟ್ಟಿಯಲ್ಲಿ ಅವಳ ಕ್ಯಾಂಪ್ ಇಲ್ಲ. ಆರಿಸದೆ ಮುಂದೆ ಹೋಗಲಾಗದು. ಕೊನೆಗೆ ಮೂಲ ಗ್ರಾಮದ ಹೆಸರು ಆರಿಸಿದಳು. ಅದರ ಕೆಳಗಿನ ಬೀದಿ ಎಂಬ ಪೆಟ್ಟಿಗೆಯಲ್ಲಿ ಕ್ಯಾಂಪಿನ ಹೆಸರು ಬರೆದಿದ್ದಳು, ಆದರೆ ಲಕೋಟೆಯ ಮೇಲೆ ಅದು ಅಚ್ಚಾಗಲಿಲ್ಲ. ದಾಖಲೆ ಪರಿಶೀಲನೆಗೆ ಕರೆದ ಪತ್ರ ಮೂಲ ಗ್ರಾಮಕ್ಕೆ ಹೋಯಿತು. ಅಲ್ಲಿ ಅವಳ ತಂದೆಯ ಹೆಸರಿನವರು ಯಾರೂ ಇಲ್ಲ, ಪತ್ರ ವಾಪಸ್. ಕರೆದ ದಿನ ಕಳೆದು ಹೋಗಿತ್ತು. ಆ ವರ್ಷದ ಹಣ ಬರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ, ಅಂಚೆಯವರು ಕೆಲಸಗಳ್ಳರಾಗಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ‘ಇಲ್ಲಿ ಇಲ್ಲದಿದ್ದರೆ ಬರೆಯಿರಿ’ ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಪಟ್ಟಿಯಿಂದ ಆರಿಸುವ ಪೆಟ್ಟಿಗೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ರಾಜ್ಯಕ್ಕೆ ಅದು ಸರಿ. 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ, ಮುಗಿಯಿತು. ಅದನ್ನೂ ಆಗಾಗ ತಿದ್ದುತ್ತಿರಬೇಕು, ತೆಲಂಗಾಣ 2014ರಲ್ಲಿ ಬಂತು, ಲಡಾಖ್ 2019ರಲ್ಲಿ. ಪಟ್ಟಿ ಪೂರ್ತಿಯಾಗಿದೆ ಎಂಬ ಖಾತರಿ ಇರುವ ಕಡೆ ಮಾತ್ರ ಬರೆಯುವ ಅವಕಾಶ ಮುಚ್ಚಬೇಕು. ಹಳ್ಳಿಗಳ ವಿಷಯದಲ್ಲಿ ಆ ಖಾತರಿ ಯಾರಿಗೂ ಇಲ್ಲ.

ರಾಜ್ಯದ ಪೆಟ್ಟಿಗೆ ವಾಣಿಜ್ಯದವರಿಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಬಳ್ಳಾರಿಯ ಜೀನ್ಸ್ ಎಲ್ಲರಿಗೂ ಗೊತ್ತು. ನಮ್ಮ ಮಾಮೂ ಸಣ್ಣ ಪ್ರಮಾಣದಲ್ಲಿ ಜೀನ್ಸ್ ಹೊಲಿಸಿ ಮಾರುತ್ತಾರೆ, ಈಗೀಗ ಫೋನಿನಲ್ಲೇ ಆರ್ಡರ್. ಸಿರುಗುಪ್ಪಕ್ಕೆ ಹೋದ ಮಾಲಿಗೆ ಬಿಲ್ಲಿನಲ್ಲಿ ಕೇಂದ್ರದ ಜಿಎಸ್‌ಟಿ ಅರ್ಧ, ರಾಜ್ಯದ ಜಿಎಸ್‌ಟಿ ಅರ್ಧ. ಆದೋನಿಗೆ ಹೋದ ಮಾಲಿಗೆ ಐಜಿಎಸ್‌ಟಿ. ಕರ್ನಾಟಕದ ಸಂಕೇತ 29, ಆಂಧ್ರದ್ದು 37. ಕೊಳ್ಳುವವರು ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರಾದರೆ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬಿಲ್ಲಿನಲ್ಲಿ ದಾಖಲಾದ ವಿಳಾಸವೇ ಸರಕು ಪೂರೈಕೆಯ ಸ್ಥಳವನ್ನು ತೀರ್ಮಾನಿಸುತ್ತದೆ, ಮತ್ತು ಅದಕ್ಕೆ ರಾಜ್ಯದ ಹೆಸರು ಬರೆದಿದ್ದರೂ ಸಾಕು. ಅಂದರೆ ಇಡೀ ವಿಳಾಸದಲ್ಲಿ ತೆರಿಗೆಯವರಿಗೆ ಬೇಕಾದದ್ದು ಒಂದೇ ಪೆಟ್ಟಿಗೆ! ಪಾರ್ಸೆಲ್ ತಲುಪಿಸುವವರಿಗೆ ಬೇಕಾದದ್ದು ಉಳಿದವೆಲ್ಲ. ಪಾರ್ಸೆಲ್ ತಲುಪದೆ ವಾಪಸ್ ಬಂದರೆ ಹೋದ ಖರ್ಚು, ಬಂದ ಖರ್ಚು ಎರಡೂ ಮಾರಿದವರ ತಲೆಗೆ. ಮಾಮೂ ಈಗ ‘ನಿಮ್ಮ ಮನೆ ಹತ್ತಿರ ಎಲ್ಲರಿಗೂ ಗೊತ್ತಿರುವ ಜಾಗ ಯಾವುದು’ ಎಂದು ತಪ್ಪದೆ ಕೇಳುತ್ತಾರೆ. ದೊಡ್ಡ ಮಾರಾಟ ಜಾಲತಾಣಗಳೂ ಭಾರತದ ಗ್ರಾಹಕರಿಗೆ ಲ್ಯಾಂಡ್‌ಮಾರ್ಕ್ ಎಂಬ ಪೆಟ್ಟಿಗೆ ಇಟ್ಟಿರುವುದು ಇದೇ ಕಾರಣಕ್ಕೆ.

ಪಿನ್‌ನ ಪೆಟ್ಟಿಗೆಯಲ್ಲಿ ಕೆಲವು ಸಣ್ಣ ತಾಂತ್ರಿಕ ಸಂಗತಿಗಳಿವೆ. ಸ್ವಂತ ವೆಬ್ ಪುಟ ಮಾಡುವವರು ಅದನ್ನು ‘ನಂಬರ್’ ಬಗೆಯ ಪೆಟ್ಟಿಗೆ ಮಾಡಬಾರದು. ಪಿನ್ ನೋಡಲು ಸಂಖ್ಯೆ, ಆದರೆ ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ನಂಬರ್ ಪೆಟ್ಟಿಗೆಯಲ್ಲಿ ಮೌಸಿನ ಚಕ್ರ ತಿರುಗಿದರೆ ಕೆಲವು ಬ್ರೌಸರ್‌ಗಳಲ್ಲಿ ಅಂಕಿ ಒಂದು ಹೆಚ್ಚುತ್ತದೆ. 583121 ಇದ್ದದ್ದು 583122 ಆದರೆ ಸಿರುಗುಪ್ಪದ ಪತ್ರ ತೆಕ್ಕಲಕೋಟೆಗೆ! ಪಠ್ಯದ ಪೆಟ್ಟಿಗೆಯನ್ನೇ ಇಟ್ಟು, ಫೋನಿನಲ್ಲಿ ಅಂಕಿಗಳ ಕೀಲಿಮಣೆ ಮಾತ್ರ ಬರುವಂತೆ ‘ಇನ್‌ಪುಟ್‌ಮೋಡ್’ ಎಂಬ ಗುಣವನ್ನು ‘ನ್ಯೂಮರಿಕ್’ ಎಂದು ಕೊಟ್ಟರೆ ಸಾಕು. ‘ಆಟೊಕಂಪ್ಲೀಟ್’ ಎಂಬ ಗುಣಕ್ಕೆ ‘ಪೋಸ್ಟಲ್-ಕೋಡ್’ ಎಂದು ಬರೆದರೆ ಫೋನಿನಲ್ಲಿ ಉಳಿಸಿಟ್ಟ ಪಿನ್ ತಾನಾಗಿ ಬರುತ್ತದೆ. ಪರಿಶೀಲನೆಯ ನಿಯಮ ಇಷ್ಟೇ: 6 ಅಂಕಿ ಇರಬೇಕು, ಮೊದಲನೆಯದು ಸೊನ್ನೆ ಆಗಬಾರದು. 583 101 ಎಂದು ನಡುವೆ ಜಾಗ ಬಿಟ್ಟವರನ್ನು ಬೈಯಬಾರದು, ಆ ಜಾಗವನ್ನು ಕಂಪ್ಯೂಟರೇ ತೆಗೆದುಹಾಕಲಿ. ಕನ್ನಡ ಕೀಲಿಮಣೆಯಲ್ಲಿ ೫೮೩೧೦೧ ಎಂದು ಬರೆಯುವವರೂ ಇದ್ದಾರೆ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳಿಗೆ ಬೇರೆಯೇ ಸಂಕೇತ, ಆದ್ದರಿಂದ ಸಾಮಾನ್ಯ ನಿಯಮ ಅದನ್ನು ‘ತಪ್ಪು’ ಎನ್ನುತ್ತದೆ. ಕನ್ನಡದ ಕಾಲೇಜು ವಾರ್ತಾಪತ್ರಕ್ಕೆ ಬರೆಯುತ್ತಾ ಇದನ್ನು ನುಂಗಿಕೊಳ್ಳುವುದು ನನಗೆ ಕಷ್ಟ. ನಾವು ಬಳಸಿದ್ದು ಗೂಗಲ್ ಫಾರ್ಮ್, ಅಲ್ಲಿ ಅಂಕಿ ಬದಲಿಸುವ ಸೌಲಭ್ಯ ಇಲ್ಲ. ಆದ್ದರಿಂದ ಎರಡು ಬಗೆಯ ಅಂಕಿಯನ್ನೂ ಒಪ್ಪುವಂತೆ ನಿಯಮ ಬರೆದು, ಆಮೇಲೆ ಹಾಳೆಯಲ್ಲಿ ಬದಲಿಸಿಕೊಳ್ಳುತ್ತೇವೆ.

ತಪ್ಪಾದಾಗ ಬರುವ ಕೆಂಪು ಸಾಲನ್ನೂ ನಾವೇ ಬರೆದೆವು. ‘ಅಮಾನ್ಯ ನಮೂದು’ ಎಂದರೆ ಯಾರಿಗೆ ಏನು ತಿಳಿಯುತ್ತದೆ? ‘ಪಿನ್‌ನಲ್ಲಿ 6 ಅಂಕಿ ಇರಬೇಕು, ನಿಮ್ಮದನ್ನು ಇನ್ನೊಮ್ಮೆ ನೋಡಿ’ ಎಂದು ಹಾಕಿದ್ದೇವೆ.

ಹೆಸರಿನ ಪೆಟ್ಟಿಗೆಯ ಬಗ್ಗೆ ನಮ್ಮ ಗುಂಪಿನಲ್ಲಿ ಜಗಳವೇ ಆಯಿತು. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಒಡೆಯುವುದು ಬೇಡ ಎಂದು ಬೇಗ ಒಪ್ಪಿದೆವು. ನಮ್ಮಲ್ಲಿ ಇನಿಷಿಯಲ್ ಇರುವವರು, ಊರಿನ ಹೆಸರು ಮುಂದೆ ಇರುವವರು, ಒಂದೇ ಪದದ ಹೆಸರಿನವರು ಎಲ್ಲ ಇದ್ದಾರೆ. ಲಾಸ್ಟ್ ನೇಮ್ ಕಡ್ಡಾಯ ಮಾಡಿದರೆ ಅವರು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಜಗಳ ಆದದ್ದು ತಂದೆಯ ಹೆಸರಿನ ಬಗ್ಗೆ. ಹಳ್ಳಿಯಲ್ಲಿ ಅಂಚೆಯವರು ಮನೆ ಹುಡುಕುವುದೇ ತಂದೆಯ ಅಥವಾ ಅಜ್ಜನ ಹೆಸರಿನಿಂದ, ಆದ್ದರಿಂದ ಕಡ್ಡಾಯ ಇರಲಿ ಎಂದು ಇಬ್ಬರ ವಾದ. ತಂದೆ ಇಲ್ಲದವರು, ತಾಯಿಯ ತವರಿನಲ್ಲಿ ಇರುವವರು, ಚಿಕ್ಕಮ್ಮನ ಮನೆಯಲ್ಲಿದ್ದು ಓದುವವರು ಏನು ಬರೆಯಬೇಕು ಎಂಬುದು ಉಳಿದಿಬ್ಬರ ಪ್ರಶ್ನೆ. ತಂದೆ ಗಲ್ಫ್‌ನಲ್ಲಿ ಇರುವವರೂ ಇದ್ದಾರೆ. ಯುಎಇಯಲ್ಲಿ ಪಿನ್ ಕೋಡ್ ಎಂಬುದೇ ಇಲ್ಲ, ಅಲ್ಲಿ ಪತ್ರ ಬರುವುದು ಪೋಸ್ಟ್ ಬಾಕ್ಸಿಗೆ. ಪಿನ್ ಕಡ್ಡಾಯ ಮಾಡಿದ ಫಾರ್ಮ್‌ಗಳಲ್ಲಿ ಅಲ್ಲಿನವರು 00000 ಎಂದು ಹಾಕುತ್ತಾರೆ. ಕೊನೆಗೆ ‘ಪತ್ರ ಯಾರ ಹೆಸರಿಗೆ ಬರಬೇಕು?’ ಎಂಬ ಒಂದೇ ಪ್ರಶ್ನೆ ಇಟ್ಟೆವು. ತಂದೆಯೋ, ತಾಯಿಯೋ, ನಾನಿಯೋ, ಮನೆ ಮಾಲೀಕರ ಮೂಲಕವೋ, ಅವರು ಬರೆದಂತೆ. ಬದಲಾದದ್ದು ಪ್ರಶ್ನೆ ಕೇಳುವ ರೀತಿ ಒಂದೇ, ಆದರೆ ಯಾರೂ ತಮ್ಮ ಮನೆಯ ಕಥೆಯನ್ನು ಫಾರ್ಮ್‌ಗೆ ಹೇಳಬೇಕಾಗಿಲ್ಲ.

ಖಾಯಂ ವಿಳಾಸ, ಈಗಿನ ವಿಳಾಸ ಎಂದು ಎರಡು ಕೇಳುವುದನ್ನೂ ಬಿಟ್ಟೆವು. ಕಚೇರಿಗೆ ಬೇಕಾದದ್ದು ಪತ್ರ ತಲುಪುವ ಜಾಗ ಒಂದೇ. ಹಾಸ್ಟೆಲ್‌ನಲ್ಲಿ ಇರುವವರು ಮನೆಯದನ್ನೇ ಕೊಡಲಿ.

ಡಿಜಿಪಿನ್ ಎಂಬುದನ್ನು ಕೇಳಿರಬಹುದು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಇದನ್ನು ಬಿಡುಗಡೆ ಮಾಡಿತು. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಜೊತೆಗೂಡಿ ಮಾಡಿದ ವ್ಯವಸ್ಥೆ. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ 10 ಅಕ್ಷರ-ಅಂಕಿಗಳ ಸಂಕೇತ. ಅಕ್ಷಾಂಶ ರೇಖಾಂಶದಿಂದ ಲೆಕ್ಕ ಹಾಕುವುದರಿಂದ ಬೀದಿಗೆ ಹೆಸರಿಲ್ಲದಿದ್ದರೂ, ಕ್ಯಾಂಪ್ ಪಟ್ಟಿಯಲ್ಲಿ ಇಲ್ಲದಿದ್ದರೂ, ಜಿಲ್ಲೆ ಬದಲಾದರೂ ಸಂಕೇತ ಬದಲಾಗದು. ಮಹಡಿಯ ಮೇಲಿನ ಮನೆ, ಕೆಳಗಿನ ಮನೆ ಎರಡಕ್ಕೂ ಒಂದೇ ಸಂಕೇತ ಎಂಬುದೊಂದು ಕೊರತೆ. ನಮ್ಮ ಫಾರ್ಮ್‌ನಲ್ಲಿ ಇದಕ್ಕೆ ಪೆಟ್ಟಿಗೆ ಇದೆ, ಕಡ್ಡಾಯ ಅಲ್ಲ. ಮನೆಯನ್ನು ಅಷ್ಟು ನಿಖರವಾಗಿ ತೋರಿಸುವುದು ಕೆಲವರಿಗೆ ಬೇಡವಾಗಿರಬಹುದು, ಮುಖ್ಯವಾಗಿ ಹುಡುಗಿಯರಿಗೆ.

ಅದೇ ಮಾತಿನ ಮುಂದುವರಿಕೆ: ತುಂಬಿದ ವಿಳಾಸವನ್ನು ಯಾರು ನೋಡುತ್ತಾರೆ? ಗೂಗಲ್ ಫಾರ್ಮ್‌ನಲ್ಲಿ, ತುಂಬಿದವರಿಗೆಲ್ಲ ಫಲಿತಾಂಶದ ಸಾರಾಂಶ ತೋರಿಸುವ ಒಂದು ಆಯ್ಕೆ ಇದೆ. ಸಮೀಕ್ಷೆಗೆ ಅದು ಚೆನ್ನ, ವಿಳಾಸದ ಫಾರ್ಮ್‌ನಲ್ಲಿ ಅದು ಚಾಲೂ ಇದ್ದರೆ ಎಲ್ಲರ ಮನೆಯೂ ಎಲ್ಲರಿಗೂ ಕಾಣುತ್ತದೆ. ಅದನ್ನು ಬಂದ್ ಮಾಡಿದ್ದೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳು ಎಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ನಾವೆಲ್ಲ ಹೆಚ್ಚುಕಡಿಮೆ ಆ ಲೆಕ್ಕದವರೇ. ಹಾಗಾಗಿ ಫಾರ್ಮ್ ಮಾಡಿದ ನಾಲ್ವರಿಗೂ ತುಂಬಿದ ಹಾಳೆ ನೋಡುವ ಹಕ್ಕು ಇಲ್ಲ. ಖಾತೆ ಕಚೇರಿಯದು, ಹಾಳೆ ಕಚೇರಿಯದು. ಧರ್ಮ, ಜಾತಿ, ಆಧಾರ್ ಸಂಖ್ಯೆ ಯಾವುದನ್ನೂ ಕೇಳಿಲ್ಲ, ಪತ್ರ ತಲುಪಲು ಅವು ಬೇಕಿಲ್ಲ.

ಫಾರ್ಮ್‌ನ ಕೊಂಡಿ ಸೂಚನಾ ಫಲಕದಲ್ಲಿ ಇದೆ. ಅದರಲ್ಲಿ ಈಗ ಉಳಿದಿರುವುದು: ಪತ್ರ ಯಾರ ಹೆಸರಿಗೆ, ಮನೆಯ ವಿಳಾಸ (ದೊಡ್ಡ ಪೆಟ್ಟಿಗೆ, ನಿಮಗೆ ಬೇಕಾದಂತೆ ಎಷ್ಟು ಸಾಲು ಬೇಕಾದರೂ), ಹತ್ತಿರದ ಗುರುತು, ಊರು ಅಥವಾ ಕ್ಯಾಂಪ್, ಅಂಚೆ ಕಚೇರಿ, ತಾಲ್ಲೂಕು, ಜಿಲ್ಲೆ, ರಾಜ್ಯ, ಪಿನ್, ಬೇಕಿದ್ದರೆ ಡಿಜಿಪಿನ್. ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಿ ಬರೆದರೂ ಸರಿ, ಪಿನ್ ಮಾತ್ರ ಮರೆಯಬೇಡಿ. ಪಿನ್ ಗೊತ್ತಿಲ್ಲದಿದ್ದರೆ ಮನೆಗೆ ಬಂದ ಯಾವುದಾದರೂ ಹಳೆಯ ಪತ್ರದ ಮೇಲೆ ನೋಡಿ, ಅಥವಾ ನಿಮ್ಮ ಊರಿನ ಅಂಚೆಯವರನ್ನೇ ಕೇಳಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕಾಗದದ ಪ್ರತಿಗಳು ಗ್ರಂಥಾಲಯದ ಬಾಗಿಲ ಬಳಿಯ ಮೇಜಿನ ಮೇಲಿವೆ. ಅದರಲ್ಲಿ ವಿಳಾಸದ ಜಾಗಕ್ಕೆ ಗೆರೆ ಎಳೆದಿಲ್ಲ, ಸಾಲದಿದ್ದರೆ ಹಿಂದಿನ ಪುಟದಲ್ಲೂ ಬರೆಯಬಹುದು.